ಒಗೆತಕ್ಕೆ ಬಿದ್ದ ಸಂವಿಧಾನ

ನಿನ್ನೆ ಶುಕ್ರವಾರ ನಮ್ಮ ಮನೆಯ ವಾಷಿಂಗ್ ಮಷಿನ್ನಿನಲ್ಲಿ ಅಮೆರಿಕದ ಸಂವಿಧಾನ ಒಗೆದುಹೋಯಿತು. ನನ್ನ ಅಂಗಿಯ ಜೇಬಿನಲ್ಲಿತ್ತು. ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದ ಗಿರಿಜಾ, ಪ್ಯಾಂಟು ಟವೆಲುಗಳಿಗೆಲ್ಲ ಅಂಟಿದ್ದ ಕಾಗದದ ಚೂರುಗಳನ್ನು ಕೊಡವುತ್ತ, "ಜೇಬು ನೋಡಿ ಹಾಕ್ರಿ ಅಂತ ಮದುವಿ ಆದಾಗಿಂದ ಹೇಳ್ಕೋತ ಬಂದೀನಿ" ಎಂದಳು. ಬೇರೆ ದಿನವಾಗಿದ್ದರೆ ಇಷ್ಟಕ್ಕೆ ಬಿಡುವವಳಲ್ಲ. ನಿನ್ನೆ ಬಿಟ್ಟಳು. ಯಾಕೆಂದರೆ ಮೊನ್ನೆ ಗುರುವಾರ ಮಧ್ಯಾಹ್ನ ನನ್ನ ಕೆಲಸ ಹೋಗಿದೆ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾನು ಒಂದು ವಿಷಯದಿಂದ ಇನ್ನೊಂದಕ್ಕೆ ಹಾರುವುದನ್ನು ನೋಡಿ, ಇವನಿಗೇನಾಗಿದೆ ಎಂದು ನೀವು ಕೇಳುತ್ತೀರಿ. ಈಗ ಶನಿವಾರ. ಬೆಳಿಗ್ಗೆಯಿಂದ ಕಾರಣವಿಲ್ಲದೆ ಫ್ರಿಜ್ ತೆಗೆದು ನೋಡಿದ್ದೇನೆ, ಮುಚ್ಚಿದ್ದೇನೆ. ಸರಿಯಾಗಿಯೇ ಇದ್ದ ಬಚ್ಚಲಿನ ನಲ್ಲಿಯನ್ನು ಬಿಚ್ಚಿ ಜೋಡಿಸಿದ್ದೇನೆ, ಈಗ ಸೋರುತ್ತಿದೆ. ಚಿಕ್ಕಂದಿನಲ್ಲಿ ಅವ್ವ "ನಿನ್ನ ಕಾಲಾಗ ಚಕ್ರ ಐತಿ" ಎನ್ನುತ್ತಿದ್ದಳು. ಆ ಚಕ್ರವೇ ಗದಗಿನಿಂದ ಮಸ್ಕತ್ತಿನವರೆಗೆ ಉರುಳಿಸಿಕೊಂಡು ಬಂದದ್ದು.

ನಾಳೆ ಭಾನುವಾರ, ಇಲ್ಲಿ ವಾರದ ಮೊದಲ ಕೆಲಸದ ದಿನ. ಬೆಳಿಗ್ಗೆ ಅಲ್ ಮಬೇಲಾದ ನಮ್ಮ ಬಿಲ್ಡಿಂಗಿನ ಕೆಳಗೆ, ದಿನಾ ನನ್ನನ್ನು ಆಫೀಸಿಗೆ ಕರೆದೊಯ್ಯುವ ಶೆಟ್ಟರ ಬಿಳಿ ಕಾರು ಬಂದು ನಿಲ್ಲುತ್ತದೆ. ನಾನು ಆಫೀಸುಗಳಿರುವ ಖುರುಮಿಗೆ ಹೋಗಲೇಬೇಕು. ಕೆಲಸವಿಲ್ಲದಿದ್ದರೂ ಕೆಲಸ ಕಳೆದ ಆಫೀಸಿನ ಬಾಗಿಲಲ್ಲಿ ಹೋಗಿ ಕೂರಬೇಕು. ಹಳೆಯ ಕಂಪನಿ ತನ್ನ ಅಭ್ಯಂತರವಿಲ್ಲ ಎಂದು ಎನ್‌ಒಸಿ ಬರೆದುಕೊಡದೆ ಇಲ್ಲಿ ಇನ್ನೊಂದು ಕಂಪನಿ ಸೇರುವಂತಿಲ್ಲ. ಕೊಡದಿದ್ದರೆ ಹೆಂಡತಿ, ಮಗ, ಪಾತ್ರೆ ಪಗಡ ಕಟ್ಟಿಕೊಂಡು ಊರಿಗೆ ಹೋಗುವುದು, ಎರಡು ವರ್ಷ ಈ ಕಡೆ ತಲೆ ಹಾಕದಿರುವುದು. ಅದೆಲ್ಲ ಸರಿ. ಆದರೆ ಖುರುಮಿನಲ್ಲಿ ಆಫೀಸು ಇದ್ದವರಿಗೆ ಮಾತ್ರ ಶೆಟ್ಟರ ಕಾರಿನಲ್ಲಿ ಸೀಟು ಎಂದು ಒಂದು ಕಾನೂನಿದೆ. ಅದನ್ನು ಬರೆದವನು ನಾನೇ. ನಾಳೆ ಕೆಳಗಿಳಿಯಲೋ ಬೇಡವೋ ಎಂಬುದು ಸದ್ಯ ನನ್ನ ಮುಂದಿರುವ ಪ್ರಶ್ನೆ.

ಆ ಸಂವಿಧಾನದ ಪುಸ್ತಕ ನನಗೆ ಸಿಕ್ಕಿದ್ದು ಎಣ್ಣೆಯ ದರ ಬೀಳಲು ಶುರುವಾದ ಹೊಸತರಲ್ಲಿ. ಊರಲ್ಲಿ ಶೇಂಗಾ ಎಣ್ಣೆಯ ದರ ಏರಿದಾಗ ಅವ್ವ ಅಂಗಡಿಯವನಿಗೆ ಶಾಪ ಹಾಕುತ್ತಿದ್ದಳು; ಇಲ್ಲಿ ನೆಲದಡಿಯ ಎಣ್ಣೆ ಅಗ್ಗವಾದಷ್ಟೂ ನಮ್ಮ ಮುಖ ಬಾಡುತ್ತದೆ. ಎದ್ದ ತಕ್ಷಣ ಅಂಗೈ ನೋಡಿಕೊಳ್ಳುತ್ತಿದ್ದವರೆಲ್ಲ ಅಂಗೈಯಲ್ಲಿನ ಫೋನಿನಲ್ಲಿ ದರ ನೋಡಿಕೊಳ್ಳುವಂತಾದರು. ನಮ್ಮದು ಎಣ್ಣೆ ಬಾವಿ ಕೊರೆಯುವವರಿಗೆ ಸಾಮಾನು ಒದಗಿಸುವ ಕಂಪನಿ. ನಾನು ಖರೀದಿ ವಿಭಾಗ. ನಮ್ಮ ಮ್ಯಾನೇಜರು ಅಮೆರಿಕದವನು, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರದ ಆಳು. ಕೆಲಸದಿಂದ ತೆಗೆಯುವಾಗ ಹೆಚ್ಚು ಸಂಬಳದವರು ಮೊದಲು ಎಂಬ ಲೆಕ್ಕದಲ್ಲಿ ಮೊದಲ ಪಾಳಿ ಅವನದೇ ಬಂತು. ಹೋಗುವ ದಿನ ಮೇಜು ಖಾಲಿ ಮಾಡುತ್ತ ಒಬ್ಬೊಬ್ಬರಿಗೆ ಒಂದೊಂದು ಹಂಚಿದ. ನಾನು ಅವನ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದೆ. ಸೊಂಟಕ್ಕೆ ಆಸರೆ ಕೊಡುವ ಆ ಕರಿ ಕುರ್ಚಿ ಅಕೌಂಟ್ಸಿನವರ ಪಾಲಾಯಿತು. ನನ್ನ ಕೈಗೆ ಬಂದದ್ದು ಅಂಗೈಯಗಲದ ಈ ಪುಸ್ತಕ. "ಚಿಕ್ಕದಿದೆ, ಓದು" ಎಂದು ಇಂಗ್ಲಿಷಿನಲ್ಲಿ ಹೇಳಿ, "ಖಲಾಸ್" ಎಂದು ಅರಬಿಯಲ್ಲಿ ಮುಗಿಸಿ ಲಿಫ್ಟಿನೊಳಗೆ ಹೋದ.

ಕೊಳ್ಳುವುದೇ ನಿಂತ ಮೇಲೆ ಖರೀದಿ ವಿಭಾಗಕ್ಕೇನು ಕೆಲಸ? ಕೀಬೋರ್ಡಿನ ಹಿಂದೆ ಪುಸ್ತಕ ಇಟ್ಟುಕೊಂಡು, ಹುಬ್ಬು ಗಂಟಿಕ್ಕಿ, ಭಾರಿ ಟೆಂಡರು ನೋಡುವವನಂತೆ ಓದತೊಡಗಿದೆ. ಮೊದಲು ಕಣ್ಣಿಗೆ ಬಿದ್ದದ್ದು ನ್ಯಾಯಾಧೀಶರ ಕಲಂ. ಸನ್ನಡತೆಯಿಂದ ಇರುವಷ್ಟು ಕಾಲ ಅವರು ಹುದ್ದೆಯಲ್ಲಿರುತ್ತಾರಂತೆ. ಅಧ್ಯಕ್ಷನೂ ಅವರನ್ನು ತೆಗೆಯುವಂತಿಲ್ಲ, ಸಂಬಳಕ್ಕೂ ಕತ್ತರಿ ಹಾಕುವಂತಿಲ್ಲ. ನಾನು ಡ್ರಾಯರಿನಿಂದ ನನ್ನ ಕಾಂಟ್ರಾಕ್ಟು ತೆಗೆದು ಹುಡುಕಿದೆ. ಸನ್ನಡತೆಯ ಮಾತೇ ಇರಲಿಲ್ಲ. ನಮ್ಮ ಹುದ್ದೆ ಉಳಿಯುವುದು ಎಣ್ಣೆಯ ಸನ್ನಡತೆ ಇರುವಷ್ಟು ಕಾಲ.

ಅದನ್ನು ಬರೆದವರ ಕಥೆಯೂ ಮುನ್ನುಡಿಯಲ್ಲಿತ್ತು. ಫಿಲಡೆಲ್ಫಿಯಾ ಎಂಬ ಊರಿನಲ್ಲಿ, ಬೇಸಿಗೆಯಲ್ಲಿ, ಮಾತು ಹೊರಗೆ ಹೋಗಬಾರದೆಂದು ಕಿಟಕಿ ಬಾಗಿಲು ಹಾಕಿಕೊಂಡು ಕೂತು ಬರೆದರಂತೆ. ಎಸಿ ಇಲ್ಲ, ಫ್ಯಾನಿಲ್ಲ, ಮೈಮೇಲೆ ದಪ್ಪ ಕೋಟು. ಹಳೆಯ ಒಪ್ಪಂದಕ್ಕೆ ತೇಪೆ ಹಾಕಿ ಬನ್ನಿ ಎಂದು ಇವರನ್ನು ಕಳಿಸಿದ್ದರೆ, ಇವರು ಹೊಸ ಅಂಗಿಯನ್ನೇ ಹೊಲಿದು ತಂದರು. ದೊಡ್ಡ ರಾಜ್ಯಗಳು ತಲೆ ಎಣಿಸಿ ಎಂದವು, ಸಣ್ಣವು ಒಂದೊಂದು ರಾಜ್ಯವನ್ನೂ ಒಂದೊಂದು ಮನೆಯೆಂದು ಎಣಿಸಿ ಎಂದವು. ಜಗಳವಾಡಿ ಆಡಿ ಕೊನೆಗೆ ಒಂದು ಸದನದಲ್ಲಿ ತಲೆ, ಇನ್ನೊಂದರಲ್ಲಿ ಮನೆ ಎಂದು ಮುಗಿಸಿದರು. ಒಬ್ಬರನ್ನೊಬ್ಬರು ನಂಬದವರು ಕೂಡಿ ಬಾಳುವುದಕ್ಕೆ ಮಾಡಿಕೊಂಡ ಏರ್ಪಾಡು ಅದು. ಕಾನೂನು ಮಾಡುವವರು ಒಬ್ಬರು, ನಡೆಸುವವರು ಇನ್ನೊಬ್ಬರು, ತೀರ್ಪು ಹೇಳುವವರು ಮತ್ತೊಬ್ಬರು.

ಇದು ನನಗೆ ಹೊಸದೆನಿಸಲಿಲ್ಲ. ನಮ್ಮ ಅಜ್ಜಿಯ ಅಡುಗೆಮನೆ ನಡೆಯುತ್ತಿದ್ದದ್ದೇ ಹೀಗೆ. ಸಕ್ಕರೆ ಅಜ್ಜಿಯ ಸೊಂಟದ ಕೀಲಿಕೈಯಲ್ಲಿ, ತುಪ್ಪ ದೊಡ್ಡವ್ವನ ನೆಲುವಿನಲ್ಲಿ, ಒಲೆ ಅವ್ವನ ಕೈಯಲ್ಲಿ. ಒಂದು ರವೆ ಉಂಡಿ ಬಾಯಿಗೆ ಬೀಳಬೇಕಾದರೆ ನಾವು ಹುಡುಗರು ಮೂರೂ ಕಡೆ ಹಲ್ಲು ಗಿಂಜಬೇಕಿತ್ತು. ಅಜ್ಜಿ ಒಲಿದ ದಿನ ದೊಡ್ಡವ್ವ ಮುನಿದಿರುತ್ತಿದ್ದಳು. ಅವರಿಬ್ಬರೂ ಒಪ್ಪಿದರೆ ಅವ್ವ "ಒಲಿ ಆರೇತಿ" ಎನ್ನುತ್ತಿದ್ದಳು. ಮೂವರೂ ಸೆಟೆದುಕೊಂಡ ದಿನ ಬರೀ ರೊಟ್ಟಿ, ಖಾರ. ಆಗ ಸಿಟ್ಟು ಬರುತ್ತಿತ್ತು. ಅಷ್ಟು ದೊಡ್ಡ ಮನೆಯಲ್ಲಿ ತುಪ್ಪ ಯಾರೊಬ್ಬರ ಪಾಲೂ ಆಗದೆ ದೀಪಾವಳಿಯವರೆಗೆ ಉಳಿಯುತ್ತಿದ್ದದ್ದು ಹೇಗೆಂದು ಈಗ ತಿಳಿಯುತ್ತದೆ.

ಕಾರಿನ ವಿಷಯಕ್ಕೆ ಬರುತ್ತೇನೆ. ಕಾರಿನ ಒಡೆಯರು ಸದಾನಂದ ಶೆಟ್ಟರು. ಕಾರ್ಕಳದ ಕಡೆಯವರು, ಖುರುಮಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿದ್ದಾರೆ. ಮನೆಯಲ್ಲಿ ತುಳು, ನಮ್ಮೊಂದಿಗೆ ಕನ್ನಡ, ಅಡ್ಡ ಬಂದ ಗಾಡಿಗಳೊಂದಿಗೆ ಹಿಂದಿ. ಮುಂದಿನ ಸೀಟಿನಲ್ಲಿ ಗುರುರಾಜ ಕುಲಕರ್ಣಿಯವರು, ವಿಜಯಪುರದ ಎಂಜಿನಿಯರು, ಗೆರೆ ಎಳೆದಂತೆ ನಡೆಯುವ ಮನುಷ್ಯ. ಹಿಂದೆ ನಾನು. ನಾವಿಬ್ಬರೂ ಶೆಟ್ಟರನ್ನು ನೆಚ್ಚಿದ್ದಕ್ಕೆ ಕಾರಣ ಇಲ್ಲಿನ ಡ್ರೈವಿಂಗ್ ಪರೀಕ್ಷೆ. ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತೆಗೆಯುವಾಗ ಕುಲಕರ್ಣಿಯವರು ಪ್ರತಿ ಸಲವೂ ಒಂದು ಡ್ರಮ್ಮಿಗೆ ತಾಗಿಸಿ ನಪಾಸಾಗುತ್ತಿದ್ದರು. ನನಗೆ ಡ್ರಮ್ಮುಗಳ ತನಕ ಹೋಗುವ ಭಾಗ್ಯವೂ ಬರಲಿಲ್ಲ.

ಕೆಲಸದ ಚಿಂತೆ ಹೆಚ್ಚಾದ ಹಾಗೆ ಕಾರಿನೊಳಗೆ ಜಗಳ ಹೆಚ್ಚಾದವು. ಎಸಿ ಎಷ್ಟು, ಯಾವ ದಾರಿ, ಯಾರು ತಡ. ಮನೆಗೆ ಬಂದಿದ್ದ ನನ್ನ ಷಡ್ಡಕ ಒಂದು ವಾರ ನಮ್ಮೊಂದಿಗೆ ಖುರುಮು ನೋಡಲು ಬಂದು ಸೀಟಿನ ತುಂಬ ಚಕ್ಕುಲಿ ಉದುರಿಸಿದ ಮೇಲೆ ಪರಿಸ್ಥಿತಿ ಕೈಮೀರಿತು. ಆಗ ನಾನು ಜೇಬಿನಿಂದ ಪುಸ್ತಕ ತೆಗೆದೆ. ನಮಗೂ ಒಂದು ಸಂವಿಧಾನ ಬೇಕು ಎಂದೆ. ಸ್ಟಿಯರಿಂಗ್ ಹಿಡಿದ ಶೆಟ್ಟರು ಕಾರ್ಯಾಂಗ. ಹೊರಡುವ ಹೊತ್ತು, ದಾರಿ ಗೊತ್ತು ಮಾಡುವ ಶಾಸಕಾಂಗ ನಾನು. ತಪ್ಪು ಯಾರದೆಂದು ಹೇಳುವ ನ್ಯಾಯಾಲಯ ಕುಲಕರ್ಣಿ. ತಿದ್ದುಪಡಿಗೆ ಮೂವರೂ ಒಪ್ಪಬೇಕು. ಆಫೀಸು ಇಲ್ಲದವರಿಗೆ ಸೀಟಿಲ್ಲ ಎಂಬ ಕಲಂ ಕುಲಕರ್ಣಿಯವರ ಹಟದಿಂದ ಬಂದದ್ದು. ಮಾರನೆಯ ದಿನ ಅವರೇ ಅದನ್ನು ನನ್ನ ಷಡ್ಡಕನಿಗೆ ಓದಿ ಹೇಳಿ, ಕೈಮುಗಿದು ಇಳಿಸಿದರು.

ಒಂದೇ ಕಲಮಿನ ಬಗ್ಗೆ ಭಾರಿ ವಾದವಾಯಿತು. ಅಮೆರಿಕದ ಅಧ್ಯಕ್ಷನಿಗೆ ಅಪರಾಧಿಗಳನ್ನು ಕ್ಷಮಿಸುವ ಅಧಿಕಾರವಿದೆ. ಅದಕ್ಕೆ ಯಾರ ತಡೆಯೂ ಇಲ್ಲ, ಯಾರ ಒಪ್ಪಿಗೆಯೂ ಬೇಡ. ಬಾಗಿಲ ಕೀಲಿ ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಹತ್ತಿ ಹೋಗಿ ನೋಡುವ ನನ್ನ ಚಟದಿಂದಾಗಿ ದಿನಾ ತಡ ಮಾಡುವವನು ನಾನೇ. ಆದ್ದರಿಂದ ಆ ಕಲಂ ನಮಗೂ ಬೇಕೆಂದು ಹಿಡಿದು ಕೂತೆ. ಕುಲಕರ್ಣಿಯವರಿಗೆ ಸರಿಬರಲಿಲ್ಲ.

"ರಾಜನ ಕಾಟ ಬ್ಯಾಡಂತ ದೇಶಾ ಕಟ್ಟಿದವ್ರು ರಾಜನ ಕೈಯಾಗಿನ ಇದೊಂದು ಯಾಕ ಇಟ್ಕೊಂಡ್ರು? ಒಬ್ಬನ ಮನಸ್ಸಿಗೆ ಬಿಟ್ಟದ್ದು ಕಾನೂನು ಹೆಂಗ ಆಗ್ತದ್ರಿ?"

"ಇರ್ಲಿ ಬಿಡಿ ಮಾರಾಯ್ರೆ," ಎಂದರು ಶೆಟ್ಟರು. "ಎಲ್ಲ ಕಟ್ಟಿ ಹಾಕಿದ್ರೆ ನಂಗೆ ಎಂತ ಉಳೀತು? ನಾನು ಒಂದು ಸಲ ಹಾರ್ನ್ ಹೊಡೆದ್ರೆ ಕ್ಷಮೆ ಕೊಟ್ಟೆ ಅಂತ ಲೆಕ್ಕ."

ಹೀಗೆ ಹಾರ್ನು ಸಂವಿಧಾನ ಸೇರಿತು.

ರಾತ್ರಿ ಊಟಕ್ಕೆ ಕೂತಾಗ ಗಿರಿಜೆಗೆ ಪುಸ್ತಕದಿಂದ ಒಂದಿಷ್ಟು ಓದಿ ಹೇಳಿದೆ. ಎಲ್ಲರೂ ಸಮಾನರೆಂದು ಸಾರಿದ ಜನ, ಗುಲಾಮರನ್ನು ಮಾತ್ರ ಐದರಲ್ಲಿ ಮೂರು ಪಾಲು ಮನುಷ್ಯರೆಂದು ಎಣಿಸಿದ್ದರು. ಮತ ಅವರಿಗಿಲ್ಲ, ಎಣಿಕೆಯ ಲಾಭ ಒಡೆಯರ ರಾಜ್ಯಕ್ಕೆ. ಅದನ್ನು ಅಳಿಸಲು ಆ ದೇಶ ತನ್ನೊಳಗೇ ಯುದ್ಧ ಮಾಡಬೇಕಾಯಿತು ಎಂದೆ. ಗಿರಿಜಾ ಆಶ್ಚರ್ಯಪಡಲಿಲ್ಲ. "ಬಾಗಿಲಾ ಹಾಕ್ಕೊಂಡು ಬರದ್ರ ಒಳಗ ಕುಂತವರ ಪೈಕಿನ ಆಗ್ತೈತಿ. ನಿಮ್ಮ ಕಾರಿಂದೂ ಹಂಗ. ಎಷ್ಟಕ್ಕ ಹೊಂಡಬೇಕಂತ ಡಬ್ಬಿ ಕಟ್ಟೋರನ್ನ ಯಾರರ ಕೇಳಿದ್ರೇನು?" ಎಂದಳು. ಕೇಳಿರಲಿಲ್ಲ. ನಸುಕಿನಲ್ಲಿ ಎದ್ದು ಚಪಾತಿ ಲಟ್ಟಿಸುವ ಮೂರು ಮನೆಯ ಹೆಂಗಸರು ನಮ್ಮ ಸಂವಿಧಾನದಲ್ಲಿ ಎಲ್ಲಿಯೂ ಇರಲಿಲ್ಲ. ಹೊರಡುವ ಹೊತ್ತನ್ನು ಕಾಲು ಗಂಟೆ ಮುಂದಕ್ಕೆ ಹಾಕಿದ್ದು ನಮ್ಮ ಮೊದಲ ತಿದ್ದುಪಡಿ.

ಮಬೇಲಾದಿಂದ ಖುರುಮಿಗೆ ಹೋಗುವಾಗ ದಾರಿಯಲ್ಲಿ ವಿಮಾನ ನಿಲ್ದಾಣ ಸಿಗುತ್ತದೆ. ಮೊದಲೆಲ್ಲ ಅದನ್ನು ಕಂಡರೆ ರಜೆ ನೆನಪಾಗುತ್ತಿತ್ತು. ಆ ವರ್ಷ ಅದನ್ನು ಕಂಡರೆ ಊರಿಗೆ ಹೋಗುವ ಒಂದೇ ಕಡೆಯ ಟಿಕೆಟ್ಟು ನೆನಪಾಗುತ್ತಿತ್ತು. ಒಂದು ಬೆಳಿಗ್ಗೆ ಮುಂದೆ ಅಪಘಾತವಾಗಿ ಗಾಡಿಗಳು ಸಾಲುಗಟ್ಟಿದ್ದವು. ಶೆಟ್ಟರು ಬೇರೆ ರಸ್ತೆಗೆ ತಿರುಗಿಸುತ್ತೇನೆಂದರು. ದಾರಿ ಬದಲಿಸುವುದು ಶಾಸಕಾಂಗದ ಕೆಲಸ ಎಂದು ಕುಲಕರ್ಣಿ ತಡೆದರು. ನಾನು ಸಾಧಕ ಬಾಧಕ ಹೇಳತೊಡಗಿದೆ. "ಎಂತ ಸಂವಿಧಾನ ಮಾರಾಯ್ರೆ ಇದು? ಸ್ಟಿಯರಿಂಗ್ ನನ್ನ ಕೈಯಲ್ಲಿ ಉಂಟು, ತಿರುಗಿಸ್ಲಿಕ್ಕೆ ನಿಮ್ಮ ಪರ್ಮಿಶನ್ ಬೇಕಾ?" ಎಂದು ಶೆಟ್ಟರು ಕೂಗುವಷ್ಟರಲ್ಲಿ ಕಾರು ತಪ್ಪು ಲೇನಿನಲ್ಲಿತ್ತು. ನಿರ್ಣಯ ಪಾಸಾದಾಗ ನಾವು ವಿಮಾನ ಹತ್ತುವವರನ್ನು ಇಳಿಸುವ ಬಾಗಿಲಿನ ಮುಂದೆ ನಿಂತಿದ್ದೆವು.

"ಇಷ್ಟು ಲಗೂ ಬ್ಯಾಡ್ರಿ ಶೆಟ್ಟರ," ಎಂದರು ಕುಲಕರ್ಣಿ. "ನಮಗಿನ್ನೂ ಯಾರೂ ಹೋಗಂದಿಲ್ಲ."

ಬೇಕಾದ್ದಕ್ಕಿಂತ ಜಾಸ್ತಿಯೇ ನಕ್ಕೆವು.

ಕೆಲಸ ಹೋಯಿತೆಂದು ಕಂಪನಿಗಳು ಕರೆದು ಹೇಳುತ್ತಿದ್ದದ್ದು ವಾರದ ಕೊನೆಯ ದಿನ, ಗುರುವಾರ. ಕುಲಕರ್ಣಿಯವರಿಗೆ ಗುರುವಾರ ರಾಯರ ವಾರ, ಒಪ್ಪತ್ತು. ಅಂಥ ಒಂದು ಗುರುವಾರವೇ ಅವರನ್ನು ಕರೆದು ಹೇಳಿದರು. ಮಗಳು ಆಗ ಹತ್ತನೇ ತರಗತಿ. ಪರೀಕ್ಷೆಗೆ ಇನ್ನೂ ತಿಂಗಳುಗಳಿದ್ದವು. ಇನ್ನೊಂದು ಕಂಪನಿ ತೆಗೆದುಕೊಳ್ಳಲು ಸಿದ್ಧವಿತ್ತು, ಎನ್‌ಒಸಿ ಒಂದು ಸಿಗಬೇಕಿತ್ತು. ಭಾನುವಾರ ನಾವು ಹೋದಾಗ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡಬ್ಬಿ ಹಿಡಿದು ಫುಟ್‌ಪಾತಿನ ಮೇಲೆ ನಿಂತಿದ್ದರು. ಕಾರಿನ ಬಾಗಿಲಿಗೆ ಕೈ ಹಾಕಲಿಲ್ಲ.

"ಹತ್ತಿ ಮಾರಾಯ್ರೆ, ಬಿಸಿಲು ಏರ್ತಾ ಉಂಟು," ಎಂದರು ಶೆಟ್ಟರು.

"ಇಲ್ರಿ, ನೀವು ನಡೀರಿ. ನಾ ಟ್ಯಾಕ್ಸಿ ಹಿಡೀತೀನಿ. ನಂದೀಗ ಆಫೀಸಿಲ್ಲ. ಕಲಂ ಅದ ಅಲ್ಲೇನ್ರಿ?"

ನಾನು ಇಳಿದೆ. "ಕಲಂ ಏನ್ರೀ, ಈಗ ತಿದ್ದುಪಡಿ ಮಾಡ್ತೀನಿ. ಆಫೀಸ್ ಹುಡುಕೋರಿಗೂ ಸೀಟ್ ಐತಿ. ಶೆಟ್ಟರ, ನಿಮ್ಮ ಮತ?"

"ಒಪ್ಪಿಗೆ."

"ಕುಲಕರ್ಣಿಯವರ?"

"ವಿರುದ್ಧ," ಎಂದರು ಕುಲಕರ್ಣಿ.

ಮೂವರೂ ಒಪ್ಪದೆ ತಿದ್ದುಪಡಿ ಇಲ್ಲ. ನನಗೆ ರೇಗಿಹೋಯಿತು. ಬಿಸಿಲು ನೆತ್ತಿ ಸುಡುತ್ತಿತ್ತು, ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಅವರು ಮಾತ್ರ ಮೆಲ್ಲಗೆ ಹೇಳಿದರು.

"ಹಿರೇಮಠ್ರ, ನಿಮ್ಮ ಷಡ್ಡಕರನ್ನ ಇಳಿಸಿದಾಂವ ನಾನು. ನನ್ನ ಪಾಳಿ ಬಂದ್ಕೂಡ್ಲೆ ಕಲಂ ಬಗ್ಗಿತು ಅಂದ್ರ ಹೆಂಗ? ಆಫೀಸಿನ್ಯಾಗ ಹನ್ನೆರಡು ವರ್ಷದ ಕೆಲಸಾ ಹನ್ನೆರಡು ಮಿನಿಟಿನ್ಯಾಗ ಬಾಯಿಮಾತಿಲೆ ಮುಗಿಸಿದ್ರು. ಇಲ್ಲೆರ ಬರದದ್ದು ಬರದಂಗ ಇರ್ಲಿ."

ಆಗ ಶೆಟ್ಟರು ಹಾರ್ನ್ ಹೊಡೆದರು. ಒಂದೇ ಸಲ, ಚಿಕ್ಕದಾಗಿ.

"ಕ್ಷಮೆ ಕೊಟ್ಟಾಯ್ತು. ಹತ್ತಿ."

"ಯಾವ ಅಪರಾಧಕ್ಕ?"

"ಕೆಲಸ ಹೋದದ್ದಕ್ಕೆ."

"ಅದು ಅಪರಾಧ ಹೆಂಗ ಆಗ್ತದ್ರಿ?" ಕುಲಕರ್ಣಿಯವರ ದನಿ ಏ‌ರಿತು.

"ಅಲ್ವಾ? ಮತ್ತೆ ಯಾಕೆ ಮಾರಾಯ್ರೆ ನೀವು ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತದ್ದು?"

ಹಾರ್ನಿಗೆ ತಡೆ ಹಾಕುವ ಕಲಂ ಯಾವುದೂ ಇಲ್ಲವೆಂಬುದು ನಮ್ಮೆಲ್ಲರಿಗಿಂತ ಚೆನ್ನಾಗಿ ಕುಲಕರ್ಣಿಯವರಿಗೇ ಗೊತ್ತಿತ್ತು. ಮುಂದಿನ ಬಾಗಿಲು ತೆಗೆದು ತಮ್ಮ ಸೀಟಿನಲ್ಲಿ ಕೂತರು. ವಿಮಾನ ನಿಲ್ದಾಣ ದಾಟುವಾಗ ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ದಿನವೂ ಬಂದರು. ದಿನವೂ ಅವರ ಹಳೆಯ ಆಫೀಸಿನಲ್ಲಿ "ಬುಕ್ರಾ" ಎನ್ನುತ್ತಿದ್ದರು, ಅಂದರೆ ನಾಳೆ. ಸೆಕೆ ಇಳಿದು ಗಾಳಿ ತಂಪಾಗುವ ಹೊತ್ತಿಗೆ ಆ ನಾಳೆ ಬಂತು. ಸಂಜೆ ಕಾರಿಗೆ ಬಂದು ಕೂತು, ಬೆಲ್ಟು ಹಾಕಿಕೊಂಡು, "ಕೊಟ್ರು" ಎಂದರು, ಅಷ್ಟೆ. ಕೆಲಸ ಮಸ್ಕತ್ತಿನಿಂದ ದೂರದ ಇಬ್ರಿ ಎಂಬ ಊರಿನಲ್ಲಿ. ಮಗಳು ಇಲ್ಲಿಯೇ ಪರೀಕ್ಷೆ ಬರೆದಳು. ಅದು ಮುಗಿದ ಮೇಲೆ ಮನೆಮಂದಿಯೆಲ್ಲ ಅಲ್ಲಿಗೆ ಹೋದರು. ಮುಂದಿನ ಸೀಟಿಗೆ ಶೆಟ್ಟರು ಇನ್ನೊಬ್ಬರನ್ನು ಸೇರಿಸಲಿಲ್ಲ, ನಾನೂ ಹಿಂದಿನಿಂದ ಮುಂದೆ ಹೋಗಲಿಲ್ಲ. ಸನ್ನಡತೆ ಇರುವಷ್ಟು ಕಾಲ ನ್ಯಾಯಾಧೀಶರ ಸೀಟು ನ್ಯಾಯಾಧೀಶರದೇ.

ಈಗ ನನ್ನ ಪಾಳಿ. ಗುರುವಾರ ಬೆಳಿಗ್ಗೆಯೇ ಕರೆ ಬರುವ ಸುಳಿವಿತ್ತು. ಕೈಗೆ ಏನಾದರೂ ಬೇಕೆನಿಸಿ ಡ್ರಾಯರಿನಿಂದ ಪುಸ್ತಕ ತೆಗೆದು ಜೇಬಿಗೆ ಹಾಕಿಕೊಂಡೆ. ಒಳಗೆ ಕರೆದು, ನನ್ನ ಕೆಲಸ ತುಂಬಾ ಚೆನ್ನಾಗಿತ್ತೆಂದು ಹೊಗಳಿ, ಭಾನುವಾರದಿಂದ ಬರುವುದು ಬೇಡವೆಂದರು. ಸಂಜೆ ಕಾರಿನಲ್ಲಿ ನಾನು ಶೆಟ್ಟರೊಂದಿಗೆ ಮೀನಿನ ದರ ಮಾತಾಡಿದೆ. ಮೀನು ತಿನ್ನದವನು ನಾನು. ಶೆಟ್ಟರು ಒಮ್ಮೆ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಅಂದು ಫುಟ್‌ಪಾತಿನಲ್ಲಿ ನಿಂತು ಕುಲಕರ್ಣಿಯವರನ್ನು ಹತ್ತಿಸಲು ತಿದ್ದುಪಡಿ ಮಂಡಿಸಿದ್ದು ಎಷ್ಟು ಸುಲಭವಾಗಿತ್ತು! ಈಗ ನನಗೆ ನಾಚಿಕೆ. ಯಾತಕ್ಕೆಂದು ಕೇಳಿದರೆ ಹೇಳಲು ಬರುವುದಿಲ್ಲ, ಆದರೆ ಮೈತುಂಬ ನಾಚಿಕೆ. ಬಾಲ್ಕನಿಯಲ್ಲಿ ಉಳಿದ ಪುಟಗಳನ್ನು ಗಿರಿಜಾ ತಂತಿಗೆ ಕ್ಲಿಪ್ಪು ಹಾಕಿ ಒಣಗಿಸಿದ್ದಾಳೆ.

ಇಷ್ಟು ಬರೆದು ನಿಲ್ಲಿಸಿದ್ದೆ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಅಂಗಿ ತೊಟ್ಟು, ಬಾಲ್ಕನಿಯಲ್ಲಿ ತೂಗುಹಾಕಿದ್ದ ಟವೆಲಿನ ಮರೆಯಲ್ಲಿ ನಿಂತು ಕೆಳಗೆ ನೋಡಿದೆ. ಕಾರು ಬಂತು, ನಿಂತಿತು. ನಾನು ಅಲ್ಲಾಡಲಿಲ್ಲ. ಬಾಗಿಲ ಕೀಲಿ ನೋಡಿ ಬಂದೆ. ಮತ್ತೆ ಹೋಗಿ ನೋಡಿದೆ. ಆಗ ಕೆಳಗಿನಿಂದ ಹಾರ್ನು ಕೇಳಿತು. ಒಂದೇ ಸಲ, ಚಿಕ್ಕದಾಗಿ.

ಗಿರಿಜಾ ಡಬ್ಬಿಯನ್ನು ನನ್ನ ಕೈಗೆ ತುರುಕಿದಳು. "ನೌಕರಿ ಸುದ್ದಿ ನಾನ ಹೇಳೀನಿ ಶೆಟ್ಟರಿಗೆ. ಇಳೀರಿನ್ನ."

ಇಳಿದೆ. ಹಿಂದಿನ ಬಾಗಿಲು ಎಳೆದೆ; ಲಾಕ್ ಆಗಿತ್ತು. "ಹಿಂದೆ ಬೇಡ, ಮುಂದೆ ಬನ್ನಿ," ಎಂದರು ಶೆಟ್ಟರು. ಮುಂದಿನ ಬಾಗಿಲು ತೆಗೆದರೆ ಒಳಗಿಟ್ಟಿದ್ದ ಫೋನಿನಿಂದ, ಇಬ್ರಿಯಿಂದ, ಕುಲಕರ್ಣಿಯವರ ದನಿ.

"ಹಿರೇಮಠ್ರ, ಕೋರ್ಟ್ ಕೂತದ. ನಿಮ್ಮ ಮ್ಯಾಲೆ ತಡಾ ಮಾಡಿದ ಆರೋಪ ಅದ. ಒಪ್ಪತೀರೇನು?"

"ಒಪ್ಪತೀನ್ರಿ."

"ಮತ್ತೇನರ ಅದ?"

"ನೌಕರಿ ಹೋತ್ರಿ," ಎಂದೆ. ಮೊದಲ ಸಲ ಅದನ್ನು ಬಾಯಿಬಿಟ್ಟು ಹೊರಗಿನವರೆದುರು ಹೇಳಿದ್ದು.

"ಅದು ಅಪರಾಧ ಅಲ್ಲಂತ ಈ ಕೋರ್ಟಿನ್ಯಾಗ ಹಿಂದ ತೀರ್ಪಾಗೇದ. ತಡಾ ಮಾಡಿದ್ದು ಶೆಟ್ಟರು ಮಾಫ್ ಮಾಡ್ಯಾರ. ನನ್ನ ಸೀಟ್ ಖಾಲಿ ಅದ, ಕೂಡ್ರಿ."

ಕೂತೆ. ಬೆಲ್ಟು ಎಳೆದು ಸಿಕ್ಕಿಸತೊಡಗಿದೆ. ಅದು ಸಿಕ್ಕಿಕೊಳ್ಳುವ ತನಕ ಶೆಟ್ಟರು ಎದುರಿನ ರಸ್ತೆಯನ್ನೇ ನೋಡುತ್ತ ಕಾದು, ಆಮೇಲೆ ಕಾರು ಬಿಟ್ಟರು.